ಎಡಕ್ಕೆ ಎರಡು ಚೆಂಡಿನಷ್ಟು

ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ನಾನು ನಮ್ಮ ಮನೆಯ ಹಜಾರದಲ್ಲಿ ಬೋರಲಾಗಿ ಮಲಗಿ, ಗಲ್ಲವನ್ನು ನೆಲಕ್ಕೆ ಒತ್ತಿ, ಎಡಗಣ್ಣು ಮುಚ್ಚಿಕೊಂಡು ಒಂದು ಸ್ಟೀಲ್ ಲೋಟದ ಬಾಯೊಳಗೆ ನೋಡುತ್ತಿದ್ದೆ. ಲೋಟ ಮುಂಬಾಗಿಲ ಹತ್ತಿರ ಅಡ್ಡಡ್ಡ ಬಿದ್ದಿತ್ತು. ನನಗೂ ಅದಕ್ಕೂ ನಡುವೆ ಎಂಟು ಅಡಿ ಹಳೆಯ ಕಾರ್ಪೆಟ್ಟು. ಕಾರ್ಪೆಟ್ಟಿನ ಮೇಲೆ, ನನ್ನ ಮೂಗಿನ ತುದಿಯಲ್ಲಿ, ಒಂದು ಬಿಳಿ ಚೆಂಡು.

ದೀಪ ಹತ್ತಿತು. ಕೋಣೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು.

"ಬಿದ್ರಾ?" ಅಂದಳು.

"ಇಲ್ಲ. ಗುರಿ ನೋಡ್ತಿದೀನಿ."

"ಲೋಟದೊಳಗೆ?"

"ಇದು ಲೋಟ ಅಲ್ಲ. ಗುಳಿ."

"ಸರಿ. ಕಾಫಿ ಗುಳಿಯಲ್ಲೇ ಕೊಡ್ತೀನಿ."

ನಾನು ಎದ್ದು ನಿಂತೆ. ಮೊಣಕಾಲಿನ ದೂಳು ಕೊಡವಿದೆ. ಕೈಯಲ್ಲಿ ಪಟರ್ ಇತ್ತು; ಗಾಲ್ಫ್ ಚೆಂಡನ್ನು ಕೊನೆಯ ನಾಲ್ಕಾರು ಅಡಿ ಮೆಲ್ಲಗೆ ತಳ್ಳಿ ಗುಳಿಗೆ ಬೀಳಿಸುವ, ಚಪ್ಪಟೆ ಮೂತಿಯ ಕೋಲು ಅದು. ಅದನ್ನು ರಾಜದಂಡದಂತೆ ಹಿಡಿದು ಘೋಷಿಸಿದೆ: "ಕೇಳು. ಗಾಲ್ಫ್ ಅನ್ನೋದು ಶುದ್ಧ ಭೌತಶಾಸ್ತ್ರ. ಒಂದು ಚೆಂಡು, ಒಂದು ಬಲ, ಒಂದು ದಿಕ್ಕು. ನಾಲ್ಕು ವಾರದಲ್ಲಿ ನಾನಿದನ್ನ ಗೆಲ್ಲದಿದ್ರೆ ನನ್ನ ಡಿಗ್ರಿ ಸರ್ಟಿಫಿಕೇಟನ್ನ ಮಡಚಿ ಆ ಕಪಾಟಿನ ಕಾಲಿನ ಕೆಳಗೆ ಇಡು."

"ಅಲ್ಲಿ ಆಗಲೇ ನಾಲ್ಕು ಮಡಿಕೆ ರಟ್ಟಿದೆ. ಜಾಗ ಇಲ್ಲ," ಅಂದಳು. ಆಮೇಲೆ ಹಾಲು ಕಾಯಿಸಲು ಹೋಗುತ್ತಾ ಸೇರಿಸಿದಳು, "ಈಜು ಕಲಿಯೋವಾಗಲೂ ಹೀಗೇ ಹೇಳಿದ್ರಿ. ತೇಲೋದು ಶುದ್ಧ ಭೌತಶಾಸ್ತ್ರ ಅಂತ."

"ತೇಲಿದೆನಲ್ಲ."

"ಟ್ಯೂಬ್ ತೇಲಿತು. ನೀವು ಅದರೊಳಗಿದ್ರಿ."

ಈ ಘೋಷಣೆಗೆ ಕಾರಣ ನನ್ನ ನೌಕರಿ. ನಾನು ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಕಾರ್ಖಾನೆಗಳಿಂದ ಟೇಪು, ತಕ್ಕಡಿ, ಥರ್ಮಾಮೀಟರು ನಮ್ಮಲ್ಲಿಗೆ ಬರುತ್ತವೆ. ಯಾವುದು ಎಷ್ಟು ಸುಳ್ಳು ಹೇಳುತ್ತದೆ ಎಂದು ಕಂಡುಹಿಡಿದು, ತಿದ್ದಿ, ಸಹಿ ಹಾಕಿ ಕಳಿಸುತ್ತೇವೆ. ಈ ಸುತ್ತಿನಲ್ಲಿ ನನ್ನ ಸಹಿಯಿಲ್ಲದೆ ಒಂದು ಮೀಟರು ತನ್ನನ್ನು ತಾನು ಮೀಟರು ಎಂದು ಕರೆದುಕೊಳ್ಳುವಂತಿಲ್ಲ. ಹೀಗೆ ಬದುಕುವವನಿಗೆ ಸ್ವಲ್ಪ ಗತ್ತು ಬರುವುದು ಸಹಜ.

ಕಂಪನಿಯಲ್ಲಿ ವರ್ಷಕ್ಕೊಮ್ಮೆ ಗಾಲ್ಫ್ ಪಂದ್ಯ. ಎಂಟು ಜೋಡಿಗಳು, ಒಂಬತ್ತು ಗುಳಿಗಳು, ಕುಟುಂಬಕ್ಕೆ ಊಟ. ನಮ್ಮ ಡೈರೆಕ್ಟರರ ಜೋಡಿಯಾಗಿದ್ದವರು ಬೆನ್ನು ಹಿಡಿದುಕೊಂಡು ಮಲಗಿದರು. ಡೈರೆಕ್ಟರು ಕ್ಯಾಂಟೀನಿನಲ್ಲಿ ಕೇಳಿದರು: "ಯಾರಿಗಾದ್ರೂ ಗಾಲ್ಫ್ ಬರುತ್ತೇನ್ರೀ?" ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯದೆ ತೆರೆದುಕೊಂಡು "ಸ್ವಲ್ಪ ಅಭ್ಯಾಸ ಇದೆ ಸರ್" ಅಂದುಬಿಟ್ಟಿತು. ಅಭ್ಯಾಸವೆಂದರೆ ಮಳೆ ನಿಂತ ಮೇಲೆ ಕೊಡೆ ಮಡಚಿ ಹಿಡಿದು ದಾರಿಯ ಕಲ್ಲು ಹೊಡೆಯುತ್ತಿದ್ದದ್ದು.

ಹಜಾರಕ್ಕೆ ಇಳಿಯುವ ಮೊದಲು ಎರಡು ವಾರ ಒಬ್ಬ ಕೋಚ್ ಬಳಿ ಹೋಗಿದ್ದೆ. ಕೋಲು ಬೀಸುವುದು ಇಷ್ಟು ದೊಡ್ಡ ಸಂಸಾರ ಎಂದು ನನಗೆ ಗೊತ್ತಿರಲಿಲ್ಲ. ಮೊಣಕಾಲು ಸಡಿಲ, ಎಡಗೈ ಬಿಗಿ, ಬಲಗೈ ಅತಿಥಿ, ಸೊಂಟ ಮೊದಲು, ಭುಜ ಆಮೇಲೆ, ತೂಕ ಹಿಮ್ಮಡಿಗೆ, ಮನಸ್ಸು ಖಾಲಿ.

"ಎಲ್ಲಕ್ಕಿಂತ ಮುಖ್ಯ, ತಲೆ ಅಲ್ಲಾಡಿಸಬಾರದು. ಗೊತ್ತಾಯ್ತಾ?" ಅಂದರು ಕೋಚ್.

ನಾನು ತಲೆಯಾಡಿಸಿದೆ.

"ಅದೇ, ಅದನ್ನೇ ಮಾಡ್ಬೇಡಿ."

ಬೀಸಿದೆ. ಆಕಾಶದಲ್ಲಿ ಏನೋ ಸುಂದರವಾಗಿ ಹಾರಿಹೋಯಿತು. ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ಅದರ ಹಿಂದೆಯೇ ನೋಡಿದೆ. ಕೋಚ್ ಕೆಳಗೆ ನೋಡುತ್ತಿದ್ದರು. ಚೆಂಡು ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ಚಪ್ಪಲಿ ಗಾತ್ರದ ಒಂದು ಹಳ್ಳ ಬಿದ್ದಿತ್ತು.

"ಮಣ್ಣು ಚೆನ್ನಾಗಿ ಹೋಯ್ತು," ಅಂದರು ಅವರು. ಸಜ್ಜನ.

ದೂರದ ಅಂದಾಜಿನಲ್ಲಿ ನನ್ನ ಮಾನ ಇನ್ನಷ್ಟು ಹೋಯಿತು. ದೂರದಲ್ಲಿದ್ದ ಒಂದು ಬಾವುಟ ತೋರಿಸಿ "ಎಷ್ಟಿರಬಹುದು?" ಎಂದು ಕೇಳಿದರು. "ನೂರ ಇಪ್ಪತ್ತು ಮೀಟರ್, ಹೆಚ್ಚುಕಡಿಮೆ," ಅಂದೆ.

"ಎಷ್ಟು ಹೆಚ್ಚುಕಡಿಮೆ?"

"ಟೇಪ್ ಇದ್ರೆ ಅರ್ಧ ಮಿಲಿಮೀಟರ್. ಇಲ್ದಿದ್ರೆ ಐವತ್ತು ಮೀಟರ್."

ಕೋಚ್ ಸ್ವಲ್ಪ ಹೊತ್ತು ನನ್ನನ್ನೂ ನನ್ನ ಭವಿಷ್ಯವನ್ನೂ ನೋಡಿದರು. "ಒಂದು ಕೆಲಸ ಮಾಡಿ. ನಿಮ್ಮ ಕಂಪನಿ ಪಂದ್ಯದಲ್ಲಿ ಜೋಡಿಯಲ್ಲಿ ಯಾರು ಯಾವ ಹೊಡೆತ ಬೇಕಾದ್ರೂ ಹೊಡೀಬಹುದು ಅಂದ್ರಲ್ಲ? ದೊಡ್ಡ ಹೊಡೆತ ಎಲ್ಲ ಡೈರೆಕ್ಟರಿಗೆ ಬಿಡಿ. ಗುಳಿ ಸುತ್ತ ಹುಲ್ಲು ನುಣ್ಣಗೆ ಕತ್ತರಿಸಿರ್ತಾರೆ, ಅದನ್ನ ಗ್ರೀನ್ ಅಂತೀವಿ. ಅಲ್ಲಿಗೆ ಬಂದ ಮೇಲೆ ನೀವು ಪಟರ್ ಹಿಡಿದು ಮೆಲ್ಲಗೆ ತಳ್ಳಿ. ಅದನ್ನ ಮನೆಯಲ್ಲೇ ಕಲೀಬಹುದು. ಮನೆ ನೆಲ ಚೆನ್ನಾಗಿದೆ ತಾನೇ?"

ನಾನು ನಕ್ಕೆ. ಆ ನಗುವಿನ ಹಿಂದೆ ಹನ್ನೊಂದು ವರ್ಷದ ಇತಿಹಾಸವಿತ್ತು.

ಹನ್ನೊಂದು ವರ್ಷದ ಹಿಂದೆ, ಈ ಮನೆ ಕೊಳ್ಳುವ ಮುಂಚೆ, ನಾನು ಲ್ಯಾಬಿನಿಂದ, ನೆಲ ಓರೆಯಿದ್ದರೆ ತೋರಿಸುವ ಅತ್ಯಂತ ಸೂಕ್ಷ್ಮವಾದ ರಸಮಟ್ಟವನ್ನು ಹತ್ತಿ ಸುತ್ತಿ ತಂದಿದ್ದೆ. ಮಂಡಿಯೂರಿ ಹಜಾರದ ನೆಲವನ್ನು ಕೋಣೆಯ ಬಾಗಿಲಿನಿಂದ ಮುಂಬಾಗಿಲಿನವರೆಗೆ ಅಳೆದೆ. ಒಂದು ಸಲವಲ್ಲ, ನಾಲ್ಕು ಸಲ. ಮನೆ ಮಾರುವವನು, ನನ್ನ ಹೆಂಡತಿ, ಅತ್ತೆ ಮೂವರೂ ಗೋಡೆಗೆ ಸಾಲಾಗಿ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನು ಎದ್ದು ತೀರ್ಪು ಕೊಟ್ಟೆ: "ಈ ನೆಲದ ವಾಟ ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ." ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ಮನೆ ಮಾರುವವನು.

ಅಂದಿನಿಂದ ನನ್ನ ಹೆಂಡತಿ ಆ ಸೊನ್ನೆಯ ಮೇಲೆ ಮೇಲ್ಮನವಿ ಸಲ್ಲಿಸುತ್ತಲೇ ಬಂದಿದ್ದಾಳೆ. ಅವಳು ಶಾಲೆಯಲ್ಲಿ ಭೂಗೋಳ ಕಲಿಸುತ್ತಾಳೆ. ಮನೆಯಲ್ಲಿ ಉತ್ತರಪತ್ರಿಕೆ ತಿದ್ದಲು ಅವಳಿಗೊಂದು ಗಾಲಿಗಳಿರುವ ಆಫೀಸ್ ಕುರ್ಚಿಯಿದೆ.

"ಕಿಟಕಿ ಹತ್ರ ಕೂತು ಪೇಪರ್ ತಿದ್ದೋಕೆ ಶುರು ಮಾಡ್ತೀನಿ. ಒಂದು ಸೆಕ್ಷನ್ ಮುಗಿಯೋಷ್ಟರಲ್ಲಿ ಎದುರುಗೋಡೆ ಹತ್ರ ಇರ್ತೀನಿ. ಯಾಕೆ?"

"ನೀನು ಕಾಲಲ್ಲಿ ತಳ್ಕೋತೀಯ."

"ನೆಲ ಒರೆಸಿದ ನೀರು ಯಾವಾಗಲೂ ಚಪ್ಪಲಿ ಗೂಡಿನ ಕೆಳಗೇ ಹೋಗುತ್ತಲ್ಲ, ಅದಕ್ಕೂ ಕಾಲಿದೆಯಾ?"

"ಒರೆಸೋ ಕೈಯ ಬೀಸು."

"ಕಪಾಟಿನ ಬಾಗಿಲು ತಾನಾಗೇ ತೆರ್ಕೊಳ್ಳುತ್ತೆ."

"ಅದಕ್ಕೇ ರಟ್ಟು ಇಟ್ಟಿದೀನಲ್ಲ."

"ರೀ, ನದಿ ಯಾಕೆ ಹರಿಯುತ್ತೆ ಅಂತ ನಾನು ವರ್ಷಾ ವರ್ಷಾ ಮಕ್ಕಳಿಗೆ ಪಾಠ ಮಾಡ್ತೀನಿ."

"ನದಿಗೆ ಸರ್ಟಿಫಿಕೇಟ್ ಇಲ್ಲ. ನಮ್ಮ ನೆಲಕ್ಕಿದೆ."

ಇಂತಹ ಪ್ರಮಾಣೀಕೃತ ಹಜಾರದಲ್ಲಿ ನನ್ನ ಅಭ್ಯಾಸ ಶುರುವಾಯಿತು. ಪ್ರಯೋಗದಲ್ಲಿ ಏನನ್ನೂ ಬದಲಾಯಿಸಬಾರದು ಎಂಬುದು ನನ್ನ ನಿಯಮ. ಅದೇ ಚೆಂಡು, ಅದೇ ಲೋಟ, ಅದೇ ಎಂಟು ಅಡಿ, ಅದೇ ದಿಕ್ಕು: ಕೋಣೆಯ ಕಡೆಯಿಂದ ಮುಂಬಾಗಿಲ ಕಡೆಗೆ. ಮೊದಮೊದಲು ಚೆಂಡು ಚಪ್ಪಲಿ ಗೂಡಿಗೆ ಹೋಗಿ ಸೇರಿತು. ಮೂರನೇ ವಾರಕ್ಕೆ ಲೋಟದ ಅಂಚಿಗೆ ಟಣ್ ಅಂದಿತು. ನಾಲ್ಕನೇ ವಾರಕ್ಕೆ ಹತ್ತಕ್ಕೆ ಒಂಬತ್ತು ಒಳಗೆ ಬೀಳತೊಡಗಿದವು. ಕೊನೆಯ ಒಂದು ಅಡಿಯಲ್ಲಿ ಚೆಂಡು ಮೆಲ್ಲಗೆ ಎಡಕ್ಕೆ ಬಾಗಿ, ನಾಚಿಕೊಂಡು ಒಳಗೆ ಕಾಲಿಡುವ ಹಾಗೆ ಲೋಟ ಸೇರುತ್ತಿತ್ತು. ಆ ಬಾಗು ನನ್ನ ಶೈಲಿ ಎಂದುಕೊಂಡೆ. ದೊಡ್ಡ ಗಾಯಕರಿಗೆ ಒಂದು ಗಮಕ ಇರುತ್ತದೆ, ನನಗೆ ಇದು.

ನನ್ನ ಏಕೈಕ ಪ್ರೇಕ್ಷಕಿ ನಮ್ಮತ್ತೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ನಮ್ಮ ಮನೆಯಲ್ಲೇ ಇದ್ದಾರೆ. ಮೊದಲು ಅವರಿಗೆ ಪ್ರತಿ ಸಂಜೆ ಪಾರ್ಕು. ಅಲ್ಲಿ ಇಬ್ಬರು ಗೆಳತಿಯರ ಜೊತೆ ಮೂರು ಸುತ್ತು ನಡೆದು, ಪಾರ್ಕಿಗೆ ಬಾರದಿದ್ದ ನಾಲ್ಕನೆಯವಳ ಬಗ್ಗೆ ಮಾತಾಡಿ ಬರುತ್ತಿದ್ದರು. ಈಗ ಅವರ ಲೋಕ ನಮ್ಮ ಹಜಾರ. ಮುಂದೆ ಎರಡು ಪುಟ್ಟ ಗಾಲಿಗಳಿರುವ ವಾಕರ್ ಹಿಡಿದು ದಿನಾ ಕೋಣೆಯಿಂದ ಮುಂಬಾಗಿಲಿಗೆ ನಡೆಯುತ್ತಾರೆ. ನೇರ ಹೊರಡುತ್ತಾರೆ. ಅರ್ಧ ದಾರಿಯಲ್ಲಿ ವಾಕರ್ ಎಡಕ್ಕೆ ಸರಿಯುತ್ತದೆ. ಕೊನೆಗೆ ಚಪ್ಪಲಿ ಗೂಡಿಗೆ ತಾಗಿ ನಿಲ್ಲುತ್ತದೆ. ವಾಪಸು ಬರುವಾಗ ನಾನು ತೋಳು ಹಿಡಿದು ಜೋಪಾನವಾಗಿ ಕರೆತರುತ್ತೇನೆ. ಆಗ ಎಲ್ಲಿಗೂ ಸರಿಯುವುದಿಲ್ಲ. ನನಗೆ ಅದರ ಬಗ್ಗೆಯೂ ಸ್ವಲ್ಪ ಹೆಮ್ಮೆಯಿತ್ತು.

ಒಂದು ಸಂಜೆ ನನ್ನ ಚೆಂಡು ಎಡಕ್ಕೆ ಬಾಗಿ ಲೋಟ ಸೇರಿದ್ದನ್ನು ನೋಡಿ ಅತ್ತೆ ಅಂದರು, "ಅಳಿಯಂದ್ರೇ, ನಿಮ್ ಚೆಂಡಿಗೂ ನನ್ ಹಾಗೇ ಎಡಗಾಲು ಎಳೆಯುತ್ತೇನೋ?"

"ಚೆಂಡಿಗೆ ಕಾಲಿಲ್ಲ ಅತ್ತೆ," ಅಂದೆ, ವಿಜ್ಞಾನಿಯಂತೆ.

ವಾರಕ್ಕೆರಡು ಸಲ ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಹುಡುಗಿ ಅತ್ತೆಯನ್ನು ಹಜಾರದಲ್ಲಿ ನಡೆಸಿ ನೋಡುತ್ತಿದ್ದಳು. ಪ್ರತಿ ಸಲವೂ ಹುಬ್ಬು ಗಂಟಿಕ್ಕುತ್ತಿದ್ದಳು. "ಎಕ್ಸ್-ರೇ ಚೆನ್ನಾಗಿದೆ, ಸ್ನಾಯು ಚೆನ್ನಾಗಿದೆ. ಆದ್ರೂ ಎಡಕ್ಕೆ ಎಳೀತಿದೆ ಅಜ್ಜಿ." ವ್ಯಾಯಾಮ ಹೆಚ್ಚಿಸಿದಳು. ಎಳೆತ ಕಡಿಮೆಯಾಗಲಿಲ್ಲ. ಪಂದ್ಯದ ಹಿಂದಿನ ದಿನ ಬಂದವಳು ನಮ್ಮನ್ನು ಪಕ್ಕಕ್ಕೆ ಕರೆದು, ಅತ್ತೆಗೆ ಕೇಳಿಸುವಷ್ಟು ಪಿಸುದನಿಯಲ್ಲಿ ಹೇಳಿದಳು: "ಮುಂದಿನ ವಾರ ಸರ್ಜನ್‌ಗೆ ತೋರಿಸಿಬಿಡಿ. ಅಗತ್ಯ ಬಿದ್ರೆ ಇನ್ನೊಂದ್ಸಲ ತೆರೆದು ನೋಡ್ತಾರೆ."

ಅವಳು ಹೋದ ಮೇಲೆ ಅತ್ತೆ ಬಹಳ ಹೊತ್ತು ತಮ್ಮ ಮೊಣಕಾಲನ್ನು, ಮಾತು ಕೇಳದ ಮೊಮ್ಮಗುವನ್ನು ನೋಡುವಂತೆ ನೋಡುತ್ತ ಕೂತಿದ್ದರು. "ಇನ್ನೊಂದ್ಸಲ ಆ ಟೇಬಲ್ ಮೇಲೆ ಮಲಗೋ ಶಕ್ತಿ ನನಗಿಲ್ಲ," ಅಂದರು.

"ಅಮ್ಮಾ, ಇದು ಕಾಲಿನ ತಪ್ಪಲ್ಲ, ನೆಲದ್ದಿರಬಹುದು. ಒಂದ್ಸಲ ಹೊರಗೆ ನಡೆದು ನೋಡೋಣ ಬಾ," ಅಂದಳು ಹೆಂಡತಿ.

"ಹೊರಗೆ ಬೇಡ. ಬೀದಿಯವರೆಲ್ಲ ನೋಡೋ ಹಾಗೆ ಓರೆಯಾಗಿ ಹೋಗಿ ಯಾರ ಮನೆ ಗೇಟಿಗೆ ಗುದ್ದಲಿ? ಮತ್ತೆ ನೆಲದ ಮಾತು ಬಿಡು. ಅಳಿಯಂದ್ರು ಅಳೆದಿದಾರೆ. ನಾನೇ ಪಕ್ಕದಲ್ಲಿ ನಿಂತಿದ್ದೆ. ಅವರು ಅಳೆದ ಮೇಲೆ ಮುಗೀತು. ನೆಲ ಸರಿಯಾಗೇ ಇದೆ, ಕಾಲು ಕೆಟ್ಟಿದೆ."

ನಾನು ತಲೆ ತಗ್ಗಿಸಿದೆ. ವಿನಯದಿಂದ. ಒಬ್ಬ ಅಳಿಯನಿಗೆ ಇದಕ್ಕಿಂತ ದೊಡ್ಡ ಬಿರುದು ಯಾವ ವಿಶ್ವವಿದ್ಯಾಲಯ ಕೊಡುತ್ತದೆ?

ಹೆಂಡತಿ ನನ್ನ ಕಡೆ ತಿರುಗಿದಳು. "ಸರಿ. ಒಂದು ಒಪ್ಪಂದ ಮಾಡ್ಕೊಳ್ಳೋಣ. ನಾಳೆ ನಾನೂ ಅಮ್ಮನೂ ಊಟದ ಹೊತ್ತಿಗೆ ಬರ್ತೀವಿ. ಕ್ಲಬ್ಬಿನ ವರಾಂಡದಲ್ಲಿ ಕೂತು ಕೊನೇ ಗುಳಿ ನೋಡ್ತೀವಿ. ಚೆಂಡು ಇಲ್ಲಿ ಬೀಳೋ ಹಾಗೆ ಅಲ್ಲೂ ಬಿದ್ರೆ ನಾನಿನ್ನು ಜನ್ಮದಲ್ಲಿ ನೆಲದ ಸುದ್ದಿ ಎತ್ತಲ್ಲ."

"ಬೀಳದಿದ್ರೆ?"

"ಆ ರಸಮಟ್ಟಾನ ಮನೆಗೆ ತಂದು ನಾನು ಹೇಳಿದ ಕಡೆ ಇಡ್ಬೇಕು."

"ಆಗಲಿ," ಅಂದೆ ಉದಾರವಾಗಿ. ಹತ್ತಕ್ಕೆ ಒಂಬತ್ತು ಬೀಳಿಸುವವನು ಉದಾರಿಯಾಗದೆ ಇನ್ನೇನಾಗುತ್ತಾನೆ.

ಪಂದ್ಯದ ಬೆಳಿಗ್ಗೆ ಮೊದಲ ಗುಳಿಯ ಹತ್ತಿರ ಡೈರೆಕ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು ನಮ್ಮ ಜೊತೆ ಆಡಲಿದ್ದ ಮಾರಾಟ ವಿಭಾಗದ ಜೋಡಿಗೆ ಪರಿಚಯಿಸಿದರು: "ಇವರು ಎಂಟು ಅಡಿ ಒಳಗೆ ತಪ್ಪೋದೇ ಇಲ್ವಂತೆ." ಆ ಜೋಡಿಯಲ್ಲಿ ಒಬ್ಬನಿಗೆ ಆಫೀಸಿನಲ್ಲಿ ಮಾತಿನಮಲ್ಲ ಎಂದು ಹೆಸರು. ಇನ್ನೊಬ್ಬನಿಗೆ ಮಾತಾಡುವ ಸರದಿ ಇದುವರೆಗೆ ಬಂದಿಲ್ಲ.

"ತಪ್ಪಲ್ವಾ ಸರ್? ಹಾಗಾದ್ರೆ ನಾವು ಈಗಲೇ ಊಟಕ್ಕೆ ಹೋಗಬಹುದಲ್ಲ," ಅಂದ ಮಾತಿನಮಲ್ಲ.

ಗೌರವಕ್ಕೆಂದು ಮೊದಲ ದೊಡ್ಡ ಹೊಡೆತ ನನಗೇ ಬಿಟ್ಟರು. ಮೊಣಕಾಲು ಸಡಿಲ ಮಾಡಿದೆ, ಎಡಗೈ ಬಿಗಿ ಮಾಡಿದೆ, ಮನಸ್ಸು ಖಾಲಿ ಮಾಡಲು ಹೋಗಿ ಉಳಿದದ್ದನ್ನೆಲ್ಲ ಮರೆತೆ. ಚೆಂಡು ನೆಲದ ಮೇಲೆ ತೆವಳಿಕೊಂಡು ಹೋಗಿ ಸ್ವಲ್ಪ ಮುಂದೆ ಹೆಂಗಸರು ಆಟ ಶುರುಮಾಡುವ ಜಾಗದ ಗುರುತಿನ ಕಲ್ಲಿಗೆ ಬಡಿದು, ನನ್ನ ಕಾಲಿನ ಹತ್ತಿರಕ್ಕೇ ವಾಪಸು ಬಂತು.

"ಚೆಂಡು ಬಹಳ ನಿಯತ್ತಿಂದು ಸರ್," ಅಂದ ಮಾತಿನಮಲ್ಲ.

ಡೈರೆಕ್ಟರು ಗಂಟಲು ಸರಿಮಾಡಿಕೊಂಡರು. "ದೊಡ್ಡ ಹೊಡೆತ ನನಗಿರಲಿ. ನೀವು ದೂರ ಹೇಳಿ ಸಾಕು. ಅಳತೆ ನಿಮ್ಮ ಕೆಲಸ ತಾನೇ?" ಎರಡನೇ ಗುಳಿಯಲ್ಲಿ ಕೆರೆಯಾಚೆಗಿನ ಗ್ರೀನ್ ತೋರಿಸಿ ಕೇಳಿದರು, "ಎಷ್ಟಿದೆ?"

"ನೂರ ಹತ್ತು ಮೀಟರ್ ಸರ್."

ಅವರು ನೂರ ಹತ್ತಕ್ಕೆ ಹೊಡೆದರು. ಚೆಂಡು ಕರಾರುವಾಕ್ಕಾಗಿ ನೂರ ಹತ್ತು ಮೀಟರು ಹೋಗಿ ಕೆರೆಯ ನಟ್ಟನಡುವೆ ಬಿತ್ತು.

"ಟೇಪ್ ಇಲ್ದೆ ನಾನು ಅಳೆಯಲ್ಲ ಸರ್."

"ಮೊದಲೇ ಹೇಳ್ಬಾರದಿತ್ತಾ?"

ಇರಲಿ, ಗ್ರೀನ್ ಮೇಲೆ ನನ್ನ ಸಾಮ್ರಾಜ್ಯ ಅಂದುಕೊಂಡೆ. ಆ ಮೈದಾನದ ಗ್ರೀನುಗಳು ಊಟದ ಮೇಜಿನಷ್ಟು ಸಮತಟ್ಟು. ಏರು ಇಳಿವು ಯಾವುದೂ ಇಲ್ಲ. ಏಳು ಅಡಿ ದೂರದಲ್ಲಿ ಗುಳಿ. ಹಜಾರದಲ್ಲಿ ನಿಲ್ಲುವಂತೆ ನಿಂತೆ, ಹಜಾರದಲ್ಲಿ ನೋಡುವಂತೆ ನೋಡಿದೆ, ತಳ್ಳಿದೆ. ಚೆಂಡು ಹೊರಟಿತು. ಈಗ ಬಾಗುತ್ತದೆ, ಈಗ ಬಾಗುತ್ತದೆ ಎಂದು ಕಾದೆ. ಅದು ಬಾಗಲಿಲ್ಲ. ಗುಳಿಯ ಬಲಗಡೆ ಎರಡು ಚೆಂಡಿನಷ್ಟು ಜಾಗ ಬಿಟ್ಟು, ಪರಿಚಯವೇ ಇಲ್ಲದವರಂತೆ ನೇರವಾಗಿ ದಾಟಿ ಹೋಯಿತು.

"ಗಾಳಿ," ಅಂದೆ.

ಮೂರನೇ ಗುಳಿಯಲ್ಲಿ ಹುಲ್ಲು ಒದ್ದೆ. ನಾಲ್ಕನೆಯದರಲ್ಲಿ ಬಿಸಿಲು ಕಣ್ಣಿಗೆ. ಐದನೆಯದರಲ್ಲಿ ಮಾತಿನಮಲ್ಲ ಕೆಮ್ಮಿದ. ಆರನೆಯದಕ್ಕೆ ನನ್ನ ಬಳಿ ಕಾರಣಗಳ ದಾಸ್ತಾನು ಮುಗಿಯಿತು. ಡೈರೆಕ್ಟರು ಮೊದಲು "ಪರವಾಗಿಲ್ಲ" ಅನ್ನುತ್ತಿದ್ದರು, ಆಮೇಲೆ ಬರೀ "ಹ್ಞೂಂ" ಅಂದರು, ಏಳನೆಯದರ ಹೊತ್ತಿಗೆ ದೂರದ ಮರಗಳನ್ನು ನೋಡತೊಡಗಿದರು. ಗುಳಿಗೆ ಬೆನ್ನು ಹಾಕಿ ನಿಂತು, ಲೊಚ್ ಎಂಬ ಸದ್ದು ಬರಲಿಲ್ಲವೆಂದರೆ ತಾವೇ ಬಂದು ಉಳಿದ ಒಂದೆರಡು ಅಡಿ ಚೆಂಡನ್ನು ತಳ್ಳುತ್ತಿದ್ದರು.

ಎಂಟನೆಯದೂ ತಪ್ಪಿತು. ಒಂಬತ್ತನೆಯದರ ಕಡೆಗೆ ನಡೆಯುತ್ತಿದ್ದಾಗ ಮಾತಿನಮಲ್ಲ ನನ್ನ ಪಕ್ಕಕ್ಕೆ ಬಂದ. "ಸರ್, ತಪ್ಪು ತಿಳ್ಕೋಬೇಡಿ. ನೀವು ತಪ್ಪೋದನ್ನ ನೋಡೋಕೇ ಒಂದು ಸೊಗಸು. ನಾವು ಒಂದ್ಸಲ ಎಡಕ್ಕೆ ತಪ್ತೀವಿ, ಒಂದ್ಸಲ ಬಲಕ್ಕೆ, ಶಿಸ್ತೇ ಇಲ್ಲ. ನಿಮ್ಮದು ಎಲ್ಲವೂ ಬಲಕ್ಕೆ, ಎಲ್ಲವೂ ಎರಡೇ ಚೆಂಡಿನಷ್ಟು. ಗೆರೆ ಎಳೆದ ಹಾಗೆ."

ಅವನು ತಮಾಷೆ ಮಾಡುತ್ತಿದ್ದ. ನಾನು ನಗಲು ಬಾಯಿ ತೆರೆದೆ. ಬಾಯಿ ಹಾಗೇ ನಿಂತಿತು.

ಯಾಕೆಂದರೆ ಲ್ಯಾಬಿಗೆ ಬರುವ ಪ್ರತಿಯೊಬ್ಬ ಗಿರಾಕಿಗೂ ನಾನು ಹೇಳುವ ಮಾತು ಅದೇ. ಅಳತೆ ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ತಪ್ಪಿದರೆ ಕೈ ನಡುಗುತ್ತಿದೆ ಎಂದರ್ಥ. ಪ್ರತಿ ಸಲವೂ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ತಪ್ಪಿದರೆ ಕೈ ಸರಿಯಾಗಿದೆ; ಆ ಕೈಯನ್ನು ಯಾವುದರ ಮೇಲಿಟ್ಟು ತಿದ್ದಿದಿರೋ ಅದು ಸರಿಯಿಲ್ಲ. ನನ್ನ ಕೈಯನ್ನು ತಿದ್ದಿದ್ದು ಯಾವುದು? ನಮ್ಮ ಹಜಾರ.

ಎಡಕ್ಕೆ ಇಳಿಯುವ ನೆಲದ ಮೇಲೆ ನಾಲ್ಕು ವಾರ ಚೆಂಡು ತಳ್ಳಿ ತಳ್ಳಿ, ನನಗೇ ತಿಳಿಯದಂತೆ ಎರಡು ಚೆಂಡಿನಷ್ಟು ಬಲಕ್ಕೆ ಗುರಿಯಿಡಲು ಕಲಿತಿದ್ದೆ. ಆ ಕೊನೆಯ ಅಡಿಯ ನಾಚಿಕೆಯ ಬಾಗು, ನನ್ನ ಶೈಲಿ, ನನ್ನ ಗಮಕ, ಎಲ್ಲವೂ ಗಾರೆ ಕೆಲಸದವನ ಕೊಡುಗೆ. ಆದರೆ ನಾನು ಅಳೆದಿದ್ದೆನಲ್ಲ? ಅಳೆದಿದ್ದೆ. ಕೋಣೆಯ ಬಾಗಿಲಿನಿಂದ ಮುಂಬಾಗಿಲಿನವರೆಗೆ. ಉದ್ದಕ್ಕೆ ನಾಲ್ಕು ಸಲ. ಅಡ್ಡಕ್ಕೆ, ಕಿಟಕಿಯಿಂದ ಚಪ್ಪಲಿ ಗೂಡಿನ ಕಡೆಗೆ, ಒಂದು ಸಲವೂ ಇಲ್ಲ.

ಕುರ್ಚಿ ನೆನಪಾಯಿತು. ಒರೆಸಿದ ನೀರು ನೆನಪಾಯಿತು. ನಾಲ್ಕು ಮಡಿಕೆ ರಟ್ಟು ನೆನಪಾಯಿತು. ಇಷ್ಟಾದರೂ ನಡೆಯುತ್ತಲೇ ಇದ್ದೆ. ಆಮೇಲೆ "ನಿಮ್ ಚೆಂಡಿಗೂ ನನ್ ಹಾಗೇ ಎಡಗಾಲು ಎಳೆಯುತ್ತೇನೋ" ಎಂಬ ಮಾತು ನೆನಪಾಯಿತು. ನಿಂತುಬಿಟ್ಟೆ.

"ಏನಾಯ್ತ್ರೀ? ಸುಸ್ತಾ?" ಅಂದರು ಡೈರೆಕ್ಟರು.

"ನಮ್ಮತ್ತೆ ಕಾಲು ಸರಿಯಾಗಿದೆ ಸರ್."

"ಸಂತೋಷ. ಚೆಂಡು ಅಲ್ಲಿದೆ."

ಒಂಬತ್ತನೇ ಗ್ರೀನ್ ಕ್ಲಬ್ಬಿನ ವರಾಂಡದ ಎದುರಿಗೇ ಇತ್ತು. ವರಾಂಡದ ಕುರ್ಚಿಯಲ್ಲಿ ಅತ್ತೆ ಕೂತಿದ್ದರು, ವಾಕರನ್ನು ಯಾರಿಗೂ ಕಾಣದಂತೆ ಸೀರೆಯ ಸೆರಗಿನಿಂದ ಅರ್ಧ ಮುಚ್ಚಿಕೊಂಡು. ಪಕ್ಕದಲ್ಲಿ ನನ್ನ ಹೆಂಡತಿ, ಕೈಕಟ್ಟಿ ನಿಂತಿದ್ದಳು. ಹಿಂದಿನ ಎಂಟು ಗ್ರೀನುಗಳ ದುರಂತ ಅವಳಿಗೆ ಗೊತ್ತಿರಲಿಲ್ಲ. ಚೆಂಡು ಗುಳಿಯಿಂದ ಎಂಟು ಅಡಿಯಲ್ಲಿತ್ತು. ದೇವರಿಗೂ ಅಳತೆಯ ಮೇಲೆ ಪ್ರೀತಿಯಿದೆ.

"ಇದು ಬಿದ್ರೆ ನಾವು ಏಳನೇ ಸ್ಥಾನ. ಬೀಳದಿದ್ರೆ ಎಂಟನೇದು," ಅಂದರು ಡೈರೆಕ್ಟರು ಮರಗಳನ್ನು ನೋಡುತ್ತಲೇ. "ಎಂಟೇ ಜೋಡಿ ಇರೋದು ಅಂತ ನೆನಪಿರಲಿ."

ನಾನು ಪಟರ್ ಹಿಡಿದು ನಿಂತೆ. ಲೆಕ್ಕ ಸುಲಭವಿತ್ತು. ಎಂದಿನಂತೆ ತಳ್ಳಿದರೆ ತಪ್ಪುತ್ತದೆ. ರಸಮಟ್ಟ ಮನೆಗೆ ಬರುತ್ತದೆ, ಹೆಂಡತಿ ಹೇಳಿದ ಕಡೆ ಕೂರುತ್ತದೆ. ಎಡಕ್ಕೆ ಎರಡು ಚೆಂಡಿನಷ್ಟು ಸರಿಸಿ ಗುರಿಯಿಟ್ಟರೆ ಬೀಳುತ್ತದೆ. ಒಪ್ಪಂದದ ಪ್ರಕಾರ ಅವಳು ಇನ್ನು ಜನ್ಮದಲ್ಲಿ ಬಾಯಿ ತೆರೆಯುವಂತಿಲ್ಲ, ನನ್ನ ಸೊನ್ನೆ ಚಿರಾಯು. ಅತ್ತೆ ಮಾತ್ರ ಮುಂದಿನ ವಾರ ಆ ಟೇಬಲ್ ಹತ್ತುತ್ತಾರೆ. ಬೇಕೆಂದೇ ತಪ್ಪಿಸಿದರೆ? ಡೈರೆಕ್ಟರು ಎಂಟನೆಯವರಾಗುತ್ತಾರೆ, ಮತ್ತು ಅವರು ನನ್ನ ರಜೆಯ ಅರ್ಜಿಗಳಿಗೆ ಸಹಿ ಹಾಕುವವರು.

"ಏನ್ ಯೋಚನೆ?" ಅಂದರು ಅವರು.

"ಮನೆ ನೆಲದ್ದು ಸರ್."

ಎಡಕ್ಕೆ ಎರಡು ಚೆಂಡಿನಷ್ಟು ಸರಿದೆ. ಇಡೀ ಮೈ ಇದು ತಪ್ಪು ಎಂದು ಕಿರುಚಿತು. ತಳ್ಳಿದೆ. ಚೆಂಡು ಎಲ್ಲೂ ಬಾಗದೆ, ಯಾವ ಶೈಲಿಯೂ ಇಲ್ಲದೆ, ಪೆದ್ದುಪೆದ್ದಾಗಿ ನೇರ ಹೋಗಿ ಗುಳಿಗೆ ಬಿತ್ತು. ಲೊಚ್.

ಡೈರೆಕ್ಟರು ಗರಕ್ಕನೆ ತಿರುಗಿದರು. ಮಾತಿನಮಲ್ಲ ಚಪ್ಪಾಳೆ ತಟ್ಟಿದ. ಅವನ ಜೊತೆಗಾರ ಮೊದಲ ಬಾರಿಗೆ ಬಾಯಿಬಿಟ್ಟು "ಪರವಾಗಿಲ್ಲ" ಅಂದ. ನಾನು ವರಾಂಡದ ಮೆಟ್ಟಿಲು ಹತ್ತಿ ಹೋದಾಗ ಹೆಂಡತಿ ನನ್ನ ಬೂಟುಗಳನ್ನೇ ನೋಡುತ್ತಿದ್ದಳು.

"ಬಿತ್ತು," ಅಂದಳು. "ಮಾತು ಮಾತೇ. ಇನ್ನು ಆ ಸುದ್ದಿ ಎತ್ತಲ್ಲ." ಬೂಟಿನಿಂದ ಕಣ್ಣೆತ್ತಿ, "ಮನೆಯಲ್ಲಿ ನಿಲ್ಲೋ ಹಾಗೆ ನಿಲ್ಲಲಿಲ್ಲ ನೀವು," ಅಂದಳು.

ನಾನು ಜೇಬಿನಿಂದ ಒಂದು ಚೆಂಡು ತೆಗೆದು ವರಾಂಡದ ನುಣುಪು ನೆಲದ ಮೇಲಿಟ್ಟೆ. ಅಲುಗಲಿಲ್ಲ. ಉದ್ದಕ್ಕೆ ತಳ್ಳಿ ನೋಡಿದೆ, ನೇರ ಹೋಯಿತು. ಅಡ್ಡಕ್ಕೂ ತಳ್ಳಿ ನೋಡಿದೆ. ಹನ್ನೊಂದು ವರ್ಷ ತಡವಾಗಿ, ಅಡ್ಡಕ್ಕೂ. ಆಮೇಲೆ ಅತ್ತೆಯ ಮುಂದೆ ಮಂಡಿಯೂರಿ ಕೂತೆ.

"ಅತ್ತೆ, ಈ ವರಾಂಡದ ಕೊನೇವರೆಗೆ ಒಂದ್ಸಲ ನಡೀಬೇಕು."

"ಇಷ್ಟು ಜನರ ಮುಂದೆ? ಬೇಡಪ್ಪ. ಓರೆ ಹೋಗಿ ಆ ಊಟದ ಮೇಜಿಗೇ ಗುದ್ದುತೀನಿ."

"ಗುದ್ದಲ್ಲ. ನಿಮ್ಮ ಕಾಲು ಸರಿಯಾಗಿದೆ. ನಾನು ಅಳೆದಿದೀನಿ."

"ಯಾವಾಗ ಅಳೆದ್ರಿ?"

"ಈಗ. ಎಂಟನೇ ಗ್ರೀನ್ ದಾಟಿದ ಮೇಲೆ."

ಅತ್ತೆ ನನ್ನ ಮುಖ ನೋಡಿದರು. ಅಳಿಯ ಅಳೆದಿದ್ದೇನೆ ಅಂದ ಮೇಲೆ ಅವರಿಗೆ ಬೇರೆ ಸಾಕ್ಷಿ ಬೇಡ. ಸೆರಗು ಸರಿಸಿ, ವಾಕರ್ ಹಿಡಿದು ಎದ್ದರು. ನನ್ನ ಕೈ ಅಭ್ಯಾಸಬಲದಿಂದ ಅವರ ತೋಳಿಗೆ ಹೋಯಿತು, ಹಿಂದಕ್ಕೆಳೆದುಕೊಂಡು ಜೇಬಿನಲ್ಲಿಟ್ಟುಕೊಂಡೆ.

ನಡೆದರು. ವರಾಂಡದ ನೆಲದಲ್ಲಿ ಎರಡು ಸಾಲು ಕಲ್ಲುಗಳ ನಡುವೆ ಒಂದು ಕಪ್ಪು ಗೆರೆಯಿತ್ತು. ವಾಕರಿನ ಎಡಗಾಲಿ ಆ ಗೆರೆಯ ಮೇಲೆ ಹೊರಟಿತು. ಅರ್ಧ ದಾರಿ. ಇಲ್ಲೇ ಸರಿಯಬೇಕು. ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಗಾಲಿ ಗೆರೆಯ ಮೇಲೆಯೇ ಇತ್ತು. ಮೇಜು ದಾಟಿತು, ಕಂಬ ದಾಟಿತು, ಕೊನೆಯ ಗೋಡೆಯ ಹತ್ತಿರ ನಿಂತಿತು. ಅಲ್ಲೂ ಗೆರೆಯ ಮೇಲೆಯೇ.

ಅತ್ತೆ ಕೆಳಗೆ ನೋಡಿದರು. ಹಿಂದೆ ತಿರುಗಿ ಬಂದ ದಾರಿ ನೋಡಿದರು. ಆಮೇಲೆ ಯಾರ ಸಹಾಯವೂ ಇಲ್ಲದೆ ವಾಕರ್ ತಿರುಗಿಸಿಕೊಂಡು, ಅದೇ ಗೆರೆಯ ಮೇಲೆ ವಾಪಸು ಬಂದರು. ಈ ಸಲ ಸ್ವಲ್ಪ ಬೇಗ. ಕಣ್ಣು ಹೊಳೆಯುತ್ತಿತ್ತು.

"ನಾಳೆ ಪಾರ್ಕಿಗೆ ಹೋಗ್ತೀನಿ," ಅಂದರು. "ನಾಲ್ಕು ತಿಂಗಳ ಸುದ್ದಿ ಬಾಕಿ ಇದೆ."

ಹೆಂಡತಿ ಅಮ್ಮನ ಭುಜ ಬಳಸಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಅಷ್ಟರಲ್ಲಿ ಏಳನೇ ಸ್ಥಾನದ ಬಹುಮಾನವೆಂದು ಯಾರೋ ತಂದು ಕೈಗಿಟ್ಟ ಟವಲನ್ನು ನಾನು ಅವಳ ಕಡೆ ಚಾಚಿದೆ. ಪ್ರಕರಣ ಇಲ್ಲಿಗೆ ಸೌಖ್ಯವಾಗಿ ಮುಗಿಯಿತು ಎಂದುಕೊಂಡೆ. ಆದರೆ ಅತ್ತೆಯ ಹುಬ್ಬುಗಳು ನಿಧಾನವಾಗಿ ಹತ್ತಿರ ಬರುತ್ತಿದ್ದವು.

"ಹಾಗಾದ್ರೆ," ಅಂದರು, "ಮನೆಯಲ್ಲಿ ಯಾಕೆ ಎಡಕ್ಕೆ ಹೋಗುತ್ತೆ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಟವಲಿನಿಂದ ಕಣ್ಣೊರೆಸಿಕೊಂಡು, ತುಂಬ ವಿಧೇಯಳಾಗಿ ಹೇಳಿದಳು, "ನಾನು ಆ ಸುದ್ದಿ ಎತ್ತೋ ಹಾಗಿಲ್ಲಮ್ಮ. ಮಾತು ಕೊಟ್ಟಿದೀನಿ. ಅವರನ್ನೇ ಕೇಳು."

ಡೈರೆಕ್ಟರು ಟೀ ಕಪ್ಪು ಹಿಡಿದು ಹತ್ತಿರ ಬಂದು ನಿಂತರು. ಅವರ ಹಿಂದೆ ಮಾತಿನಮಲ್ಲ; ಬದುಕಿನಲ್ಲೇ ಮೊದಲ ಸಲ ಸುಮ್ಮನಿದ್ದ.

"ಅಳಿಯಂದ್ರೇ," ಅಂದರು ಅತ್ತೆ, ಮೊದಲಿನಷ್ಟೇ ಅಕ್ಕರೆಯಿಂದ, "ಮನೆ ಕೊಳ್ಳೋ ದಿನ ನೆಲ ಅಳೆದು ಒಂದು ಲೆಕ್ಕ ಹೇಳಿದ್ರಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಎಷ್ಟು?"

ನಾನು ಗಂಟಲು ಸರಿಮಾಡಿಕೊಂಡು, ನನ್ನ ಡೈರೆಕ್ಟರರ ಎದುರಿಗೆ, ಸ್ಪಷ್ಟವಾಗಿ, ದಶಮಾಂಶ ಸಮೇತ ಹೇಳಿದೆ:

"ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ."